ಹಿಲ್ಡಾ ಆಂಟಿ ಹಾಳು ಮಾಡಿದ ಏಸಿ

ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ನಮ್ಮ ಫ್ಲ್ಯಾಟಿನಲ್ಲಿ ಯಾರು ಎಲ್ಲಿ ಕೂರಬೇಕು, ಎಷ್ಟು ಹೊತ್ತಿಗೆ ಉಣ್ಣಬೇಕು, ಯಾರು ಯಾರ ಮೇಲೆ ರೇಗಬೇಕು ಎಂಬುದನ್ನೆಲ್ಲ ತೀರ್ಮಾನಿಸುತ್ತಿದ್ದದ್ದು ಬಾತ್‌ರೂಮಿನ ಮೇಲಿನ ಸೀಲಿಂಗಿನೊಳಗೆ ಅಡಗಿ ಕೂತಿದ್ದ ಒಂದು ಹಳೆಯ ಏಸಿ. ಅದನ್ನು ಪೂರ್ತಿಯಾಗಿ ಕಂಡವರು ನಮ್ಮಲ್ಲಿ ಯಾರೂ ಇರಲಿಲ್ಲ. ಪ್ಯಾಸೇಜಿನ ಗೋಡೆಯಲ್ಲಿ ನನ್ನ ಕೈಗೆ ಎಟುಕದ ಎತ್ತರದಲ್ಲಿ ಒಂದು ದೊಡ್ಡ ಜಾಲರಿ ಇತ್ತು. ಮನೆಯ ಗಾಳಿಯನ್ನೆಲ್ಲ ಏಸಿ ಅಲ್ಲಿಂದ ಒಳಗೆ ಎಳೆದುಕೊಂಡು, ತಣ್ಣಗೆ ಮಾಡಿ, ಒಂದೊಂದು ಕೋಣೆಯ ಕಿಂಡಿಯಿಂದ ಹೊರಗೆ ಬಿಡುತ್ತಿತ್ತು. ಜೂನ್ ಬಂತೆಂದರೆ ಟೆರೇಸಿನ ಟಾಂಕಿಯ ನೀರು ಮುಟ್ಟಲಾಗದಷ್ಟು ಬಿಸಿ. ಹಾಗಾಗಿ ಬೇಸಿಗೆಯಲ್ಲಿ ಎಲ್ಲರೂ ಗೀಸರ್ ಆಫ್ ಮಾಡಿ, ಅದರೊಳಗೆ ನಿಂತು ಆರಿದ ನೀರನ್ನು ಬಿಸಿನೀರಿನ ನಲ್ಲಿಯಿಂದ ಹಿಡಿದು ಸ್ನಾನ ಮಾಡುತ್ತಿದ್ದೆವು. ಊರಿನಿಂದ ಹೊಸದಾಗಿ ಬಂದವರು ತಣ್ಣೀರಿನ ನಲ್ಲಿ ತಿರುಗಿಸಿ ಮೈ ಸುಟ್ಟುಕೊಂಡು ಕಿರುಚಿದರೆ ನನಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಇಂಥ ಊರಿನಲ್ಲಿ ಏಸಿ ನಿಂತರೆ ಮನೆಯೇ ನಿಂತಹಾಗೆ.

ಪಪ್ಪ ಅದೇ ರಸ್ತೆಯ ಒಂದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಮೆಕ್ಯಾನಿಕ್ಕನ್ನು ಕರೆಯುವುದೆಂದರೆ ಅವರಿಗೆ ಸೋತಂತೆ. ರಜೆಯ ದಿನವಾದ ಶುಕ್ರವಾರ ಬೆಳಿಗ್ಗೆ ಬನಿಯನ್ನಿನಲ್ಲೇ ಪ್ಯಾಸೇಜಿಗೆ ಬಂದು, ಊರಿಗೆ ಹೋಗುವಾಗ ತುಂಬಲೆಂದು ಅಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿದ್ದ ಸೂಟ್‌ಕೇಸುಗಳ ಮೇಲೆ ಹತ್ತಿ, ಜಾಲರಿ ತೆಗೆದು, ಅದರ ಹಿಂದಿನ ಫಿಲ್ಟರನ್ನು ಬಾತ್‌ಟಬ್ಬಿನಲ್ಲಿ ಸೋಪುಪುಡಿ ಹಾಕಿ ತಿಕ್ಕುತ್ತಿದ್ದರು. ಅಮ್ಮನಿಗೆ ಆ ಹೊತ್ತಿನಲ್ಲಿ ಸ್ನಾನ ಮಾಡಿ ದೇವರಿಗೆ ದೀಪ ಹಚ್ಚಬೇಕು. ಪಪ್ಪನಿಗೆ ಫಿಲ್ಟರ್ ಒಣಗಬೇಕು. ವಾರದ ಜಗಳ ಅಲ್ಲಿಂದ ಶುರು. ನನಗೆ ಆ ಸೂಟ್‌ಕೇಸುಗಳ ಮೆಟ್ಟಿಲು ಚೆನ್ನಾಗಿ ಅಭ್ಯಾಸವಾಗಿತ್ತು. ಪಪ್ಪ ಹತ್ತುವುದನ್ನು ನೋಡಿ ನೋಡಿ ಜಾಲರಿಯ ಎರಡು ಕ್ಲಿಪ್ಪು ತೆಗೆಯುವುದು ಹೇಗೆಂದು ಕಲಿತಿದ್ದೆ. ಹಾಗೆ ಕಲಿತದ್ದರಿಂದ ಏನೇನಾಯಿತು ಎಂದು ಬರೆಯಲು ನನಗೆ ಇಷ್ಟು ವರ್ಷ ಹಿಡಿಯಿತು.

ಮನೆಯಲ್ಲಿ ಎರಡು ಬೆಡ್‌ರೂಮ್. ಒಂದರಲ್ಲಿ ನಾವು ಮೂವರು. ಇನ್ನೊಂದನ್ನು ಹಿಲ್ಡಾ ಆಂಟಿಗೆ ಬಾಡಿಗೆಗೆ ಕೊಟ್ಟಿದ್ದೆವು; ಅಬುಧಾಬಿಯಲ್ಲಿ ಆಗ ಹೆಚ್ಚಿನವರು ಹಾಗೇ ಇದ್ದರು. ಆಂಟಿ ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ಆಸ್ಪತ್ರೆಯಲ್ಲಿ ನರ್ಸ್. ನಮ್ಮ ಮನೆಯಲ್ಲಿ ತುಳು, ಅವರದ್ದು ಕೊಂಕಣಿ, ಎರಡೂ ಸೇರಿದಾಗ ಕನ್ನಡ. ಅವರ ಗಂಡ ಲಾರೆನ್ಸ್ ಅಂಕಲ್ ದುಬೈಯ ಜೆಬೆಲ್ ಅಲಿಯ ಗೋಡೌನೊಂದರಲ್ಲಿ ಕೆಲಸಕ್ಕಿದ್ದು, ಕಂಪನಿಯ ಕ್ಯಾಂಪಿನಲ್ಲೇ ಉಳಿದು, ಗುರುವಾರ ಸಂಜೆ ಬರುತ್ತಿದ್ದರು. ಆಂಟಿಗೆ ಹೆಚ್ಚಾಗಿ ನೈಟ್ ಡ್ಯೂಟಿ. ನಾನು ಶಾಲೆಯಿಂದ ಬರುವ ಹೊತ್ತಿಗೆ ಅವರು ಎದ್ದು ಕೂದಲು ಗಂಟುಕಟ್ಟಿ ಬಂಗುಡೆ ಹುರಿಯುತ್ತಿದ್ದರು. ಸೋಮವಾರ ನಮ್ಮ ಮನೆಯಲ್ಲಿ ಮೀನಿಲ್ಲ. ಅಮ್ಮ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ನಾನು ಆಂಟಿಯ ರೂಮಿನಲ್ಲಿ ಬಾಗಿಲು ಹಾಕಿಕೊಂಡು, ಅವರ ತಟ್ಟೆಯಿಂದಲೇ ಖುಬ್ಬೂಸ್ ರೊಟ್ಟಿಯಲ್ಲಿ ಮೀನು ಸುತ್ತಿಕೊಂಡು ತಿನ್ನುತ್ತಿದ್ದೆ. ಆಮೇಲೆ ಅವರೇ ನನ್ನ ಬೆರಳುಗಳಿಗೆ ಲಿಂಬೆಹುಳಿ ತಿಕ್ಕಿ ಕಳಿಸುತ್ತಿದ್ದರು. ಅವರ ಪುಟ್ಟ ಮಗಳು ಜೆನಿಟಾ ಊರಲ್ಲಿ ಅಜ್ಜಿಯ ಹತ್ತಿರ ಇದ್ದಳು. ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಅವಳನ್ನು ಕರೆಸಿಕೊಳ್ಳುವುದೆಂದು ಆಗಿತ್ತು. ಅಮ್ಮ ಒಪ್ಪಿದ್ದರು, ಕಾಗದಪತ್ರ ಆಗುತ್ತಿತ್ತು. ಮಗುವಿಗೆಂದು ಮಡಚುವ ಮಂಚವೊಂದು ಆಗಲೇ ಆ ರೂಮಿಗೆ ಬಂದಿತ್ತು. ಆಂಟಿ ಅದರ ಮೇಲೆ ಹೊಸ ಬೆಡ್‌ಶೀಟ್ ಹಾಸಿ, ಯಾರೂ ಮಲಗದ ಹಾಸಿಗೆಯ ಸುಕ್ಕನ್ನು ದಿನಾ ಸರಿಮಾಡುತ್ತಿದ್ದರು.

ನಾನಾಗ ಐದನೇ ಕ್ಲಾಸು. ಇಂಗ್ಲಿಷ್, ಹಿಂದಿ, ಲೆಕ್ಕ ಎಲ್ಲದರಲ್ಲೂ ಮುಂದೆ. ಮನೆಗೆ ಯಾರೇ ಬರಲಿ, ಚಾ ಬರುವ ಮೊದಲೇ ಪಪ್ಪ “ನಮ್ಮ ಶೈಲು ಕ್ಲಾಸಿಗೇ ಫಸ್ಟ್” ಎಂದು ಶುರು ಮಾಡುತ್ತಿದ್ದರು. ಆದರೆ ಅರಬಿ ಮಾತ್ರ ನನಗೆ ತಲೆಗೆ ಹತ್ತಲೇ ಇಲ್ಲ. ಒಂದೇ ಅಕ್ಷರ ಶಬ್ದದ ಮೊದಲಿಗೆ ಒಂದು ಥರ, ಕೊನೆಗೆ ಇನ್ನೊಂದು ಥರ. ಚುಕ್ಕಿ ಮೇಲಿಟ್ಟರೆ ಒಂದು, ಕೆಳಗಿಟ್ಟರೆ ಇನ್ನೊಂದು. ಅಬ್ಲಾ, ಅಂದರೆ ಅರಬಿ ಟೀಚರು, ಪ್ರತಿ ಟೆಸ್ಟಿನ ಪೇಪರಿಗೂ ತಂದೆಯ ಸಹಿ ತರಬೇಕೆನ್ನುತ್ತಿದ್ದರು. ಮೊದಲ ಟೆಸ್ಟಿನಲ್ಲಿ ಇಪ್ಪತ್ತೈದಕ್ಕೆ ಆರು ಬಂತು. ಅದನ್ನು ಎಲ್ಲಿಡುವುದು? ಸ್ಕೂಲ್ ಬ್ಯಾಗನ್ನು ಅಮ್ಮ ನೋಡುತ್ತಾರೆ, ಕಸದ ಬುಟ್ಟಿಯನ್ನೂ ನೋಡುತ್ತಾರೆ. ಒಂದು ಮಧ್ಯಾಹ್ನ ಸೂಟ್‌ಕೇಸು ಹತ್ತಿ, ಜಾಲರಿ ತೆಗೆದು, ಫಿಲ್ಟರಿನ ಒಂದು ಮೂಲೆ ಎತ್ತಿ ಪೇಪರನ್ನು ಹಿಂದಕ್ಕೆ ಹಿಡಿದೆ. ಏಸಿ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಒಳಗೆ ಎಳೆದುಬಿಟ್ಟಿತು. ಇಷ್ಟು ಸುಲಭ! ಸಹಿಯ ಮಾತಿಗೆ, ಪಪ್ಪ ಊರಿಗೆ ಹೋಗಿದ್ದಾರೆಂದು ಅಬ್ಲಾಗೆ ಹೇಳಿದೆ. ಆಮೇಲೆ ಎರಡನೆಯದು ಹೋಯಿತು, ಮೂರನೆಯದು ಹೋಯಿತು. ಪಪ್ಪ ಶುಕ್ರವಾರ ಫಿಲ್ಟರ್ ತೆಗೆದಾಗ ನಾನು ಪಕ್ಕದಲ್ಲೇ ನಿಂತು ಕಾಯುತ್ತಿದ್ದೆ. ಆದರೆ ಪೇಪರುಗಳು ಫಿಲ್ಟರನ್ನು ದಾಟಿ ಕತ್ತಲೊಳಗೆ ಎಲ್ಲೋ ಹೋಗಿ ಅಂಟಿಕೊಂಡಿದ್ದವು. ಕೊನೆಗೆ ದಪ್ಪ ರಟ್ಟಿನ ಪ್ರೋಗ್ರೆಸ್ ಕಾರ್ಡೂ ಹೋಯಿತು. ಅದು ಹೋಗುವಾಗ ಸ್ವಲ್ಪ ಹಟ ಮಾಡಿತು, ನಾನೇ ಕೈಯಿಟ್ಟು ಒಳಗೆ ತಳ್ಳಿದೆ.

ಅದಾದ ಒಂದೆರಡು ದಿನಕ್ಕೆ ಏಸಿಯ ಉಪದ್ರ ಶುರುವಾಯಿತು. ಬೆಳಿಗ್ಗೆ ಚೆನ್ನಾಗಿ ತಣ್ಣಗಿರುತ್ತಿತ್ತು. ಹನ್ನೊಂದಾಗುವಾಗ ಗಾಳಿ ಕ್ಷೀಣವಾಗಿ, ಮಧ್ಯಾಹ್ನಕ್ಕೆ ಕಿಂಡಿಯಿಂದ ಬರುವುದೆಲ್ಲ ಉಗುರುಬೆಚ್ಚಗಿನ ಗಾಳಿ. ಆಫ್ ಮಾಡಿ ಎರಡು ಗಂಟೆ ಬಿಟ್ಟರೆ ಪ್ಯಾಸೇಜಿನ ಸೀಲಿಂಗಿನಿಂದ ನೀರು ಸೋರುತ್ತಿತ್ತು. ಕೆಳಗೆ ಬಕೆಟ್ ಇಟ್ಟು ಪುನಃ ಆನ್ ಮಾಡಿದರೆ ಏನೂ ಆಗೇ ಇಲ್ಲವೆಂಬಂತೆ ತಣ್ಣಗೆ ಗಾಳಿ. ಪಪ್ಪ ಥರ್ಮೋಸ್ಟ್ಯಾಟ್ ಬಿಚ್ಚಿ ತಟ್ಟಿ ನೋಡಿದರು, ಅಂಗಡಿಯಿಂದ ಹೊಸದು ತಂದು ಹಾಕಿದರು. ನೀರು ಹೋಗುವ ಪೈಪಿಗೆ ಬಾಯಿಟ್ಟು ಊದಿದರು. ಬಿಲ್ಡಿಂಗಿನ ವಾಚ್‌ಮನ್ ಟೆರೇಸಿಗೆ ಹೋಗಿ ಹೊರಗಿನ ಮೆಷಿನ್ನಿಗೆ ನೀರು ಹೊಡೆದು ಬಂದ. ಕೊನೆಗೆ ಪಪ್ಪ ಸೋತು ಮಲಯಾಳಿ ಮೆಕ್ಯಾನಿಕ್ ಒಬ್ಬರನ್ನು ಕರೆದರು. ಅವರು ಬರುವ ಹೊತ್ತಿಗೆ ಏಸಿ ಆಫಾಗಿ, ಇದ್ದದ್ದೆಲ್ಲ ಕರಗಿ, ಮೀಟರ್ ಹಚ್ಚಿ ನೋಡಿದರೆ ಗ್ಯಾಸೂ ಸರಿ, ಫ್ಯಾನೂ ಸರಿ. ಒಳಗೆ ಐಸ್ ಕಟ್ಟುತ್ತಾ ಇದೆ, ಅದಕ್ಕೇ ಗಾಳಿ ದಾಟುತ್ತಿಲ್ಲ ಎಂದರು. ಯಾಕೆ ಕಟ್ಟುತ್ತದೆ ಎಂದರೆ ಎರಡು ಕಾರಣ ಹೇಳಿದರು: ಯಾರೋ ಥರ್ಮೋಸ್ಟ್ಯಾಟನ್ನು ಪೂರ್ತಿ ಕೆಳಗೆ ಇಳಿಸಿಡುತ್ತಿರಬೇಕು, ಇಲ್ಲವೇ ಅಡುಗೆಯ ಎಣ್ಣೆಹೊಗೆ ಹೋಗಿ ಒಳಗೆ ಮೆತ್ತಿಕೊಂಡಿರಬೇಕು. ಸೀಲಿಂಗ್ ಒಡೆದು ನೋಡಬೇಕು ಎಂದಾಗ ಪಪ್ಪ ಬೇಡ ಎಂದರು.

ಐಸ್ ಎಂಬ ಮಾತು ಕೇಳಿದಾಗಲೇ ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಹೇಳಿಕೊಂಡು ಎಷ್ಟೋ ವರ್ಷ ನನ್ನನ್ನೇ ನಂಬಿಸಿದ್ದೇನೆ. ಐದನೇ ಕ್ಲಾಸಿನ ಹುಡುಗಿಗೆ ಅಷ್ಟು ತಿಳಿಯುತ್ತದೆ. ನಾನು ತುರುಕಿದ ಕಾಗದಗಳು ಗಾಳಿಗೆ ಅಡ್ಡ ನಿಂತಿವೆ ಎಂದು ಆ ಕ್ಷಣವೇ ಹೊಳೆಯಿತು. ಮೆಕ್ಯಾನಿಕ್ ಹೋದ ಮೇಲೆ ಅಮ್ಮ ಅಡುಗೆಮನೆಯಲ್ಲಿ ನಿಂತು, ಮುಚ್ಚಿದ್ದ ಹಿಲ್ಡಾ ಆಂಟಿಯ ಬಾಗಿಲನ್ನೇ ನೋಡುತ್ತಾ ಪಪ್ಪನಿಗೆ ಹೇಳಿದರು:

“ಎಣ್ಣೆಹೊಗೆಯಂತೆ. ಸೋಮವಾರ ಬಿಡುದಿಲ್ಲ, ಶನಿವಾರ ಬಿಡುದಿಲ್ಲ. ಡ್ಯೂಟಿಯಿಂದ ಬಂದು ಹದಿನಾರಕ್ಕೆ ಇಳಿಸಿ ಮಲಗುದು. ನಾನು ಮೊದಲೇ ಹೇಳಿದ್ದೆ.”

“ಹೊಸತರಲ್ಲಿ ಒಂದು ಸಲ ಇಳಿಸಿದ್ದು ಹೌದು. ಆಮೇಲೆ ನಾನು ಹೇಳಿದ್ದೇನಲ್ಲ.”

“ಹೇಳಿದ್ರೆ ಆಯ್ತಾ? ನೋಡಿದವರು ಯಾರು?”

ನೋಡಿದವಳು ಒಬ್ಬಳಿದ್ದಳು. ಮಧ್ಯಾಹ್ನ ಅಮ್ಮ ಮಲಗಿದಾಗ ಆಂಟಿಯನ್ನು ಬಿಟ್ಟರೆ ಮನೆಯಲ್ಲಿ ಎಚ್ಚರ ಇರುತ್ತಿದ್ದದ್ದು ನಾನು ಮಾತ್ರ. ಸಂಜೆ ದೀಪ ಹಚ್ಚಿದ ಮೇಲೆ ಪಪ್ಪ ನನ್ನನ್ನು ಹಾಲಿಗೆ ಕರೆದರು. ಆಂಟಿಯನ್ನೂ ಕರೆದಿದ್ದರು. ಅವರು ಡ್ಯೂಟಿಗೆ ಹೊರಟು ಬಿಳಿ ಯೂನಿಫಾರ್ಮಿನಲ್ಲಿ, ಬ್ಯಾಗು ಹೆಗಲಿಗೆ ಹಾಕಿಕೊಂಡೇ ನಿಂತಿದ್ದರು.

“ನಾನಾ?” ಎಂದು ಮೊದಲು ನಕ್ಕರು. “ಇಲ್ಲ ಮಾರಾಯ್ರೆ. ನೀವು ಹೇಳಿದ ಮೇಲೆ ನಾನು ಅದರ ಹತ್ತಿರ ಹೋಗ್ಲಿಲ್ಲ.”

“ಶೈಲು, ನೀನು ಮಧ್ಯಾಹ್ನ ಇರ್ತಿಯಲ್ಲ,” ಎಂದರು ಪಪ್ಪ. “ಆಂಟಿ ಮುಟ್ಟುದು ನೋಡಿದ್ದಿಯಾ? ಇದ್ದದ್ದು ಇದ್ದ ಹಾಗೆ ಹೇಳು.”

ಇಲ್ಲ ಎಂದಿದ್ದರೆ ಪಪ್ಪ ಸೀಲಿಂಗ್ ಒಡೆಸುತ್ತಿದ್ದರು. ಒಡೆಸಿದರೆ ಆರು ಮಾರ್ಕಿನ ಪೇಪರು ಕೆಳಗೆ ಬೀಳುತ್ತಿತ್ತು. ನಾನು ದೀಪದ ಕಡೆ ನೋಡದೆ ಹೇಳಿದೆ:

“ಹೂಂ. ನಿನ್ನೆ ಕೂಡ ಇಳಿಸಿದ್ರು.”

ಹಿಲ್ಡಾ ಆಂಟಿ ನನ್ನ ಮುಖ ನೋಡಿದರು. ಸಿಟ್ಟು ಬರಲಿ, ಸುಳ್ಳಿ ಎನ್ನಲಿ ಎಂದು ನಾನು ಕಾಯುತ್ತಿದ್ದೆ. ಅವರಿಗೆ ಸಿಟ್ಟು ಬರಲಿಲ್ಲ. ಅವರು ಯೋಚನೆಗೆ ಬಿದ್ದರು. ಬ್ಯಾಗನ್ನು ಕುರ್ಚಿಯ ಮೇಲಿಟ್ಟು, ಕೆನ್ನೆಗೆ ಕೈಹಚ್ಚಿ, ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದರು.

“ನಿದ್ದೆಗಣ್ಣಲ್ಲಿ ಇಳಿಸಿದೆನೋ ಎಂತದೋ. ಡ್ಯೂಟಿಯಿಂದ ಬಂದಾಗ ನನಗೆ ಒಮ್ಮೊಮ್ಮೆ ಎಂತ ಮಾಡಿದೆ ಅಂತ ಗೊತ್ತಿರುದಿಲ್ಲ. ಮಗು ಯಾಕೆ ಸುಳ್ಳು ಹೇಳ್ತದೆ? ಸಾರಿ ಅಣ್ಣ.”

ಅವರು ನನ್ನ ಮಾತನ್ನು ತಮ್ಮ ನೆನಪಿಗಿಂತ ಹೆಚ್ಚು ನಂಬಿದರು. ಇಡೀ ಬಾಲ್ಯದಲ್ಲಿ ನನ್ನನ್ನು ಯಾರೂ ಅಷ್ಟು ನಂಬಿದ್ದಿಲ್ಲ. ಅಮ್ಮ ತಿಂಗಳ ಕೊನೆಗೆ ರೂಮು ಬಿಡಬೇಕೆಂದರು. ಆಂಟಿ ಮಗುವಿನ ವಿಷಯ ಎತ್ತಿ ಎರಡು ಸಲ ಕೇಳಿಕೊಂಡರು. ಎರಡನೆಯ ಸಲ ಅಡುಗೆಮನೆಯಲ್ಲಿ ಅಮ್ಮನ ಕೈ ಹಿಡಿದುಕೊಂಡಿದ್ದರು. ನಾನು ಫ್ರಿಜ್ಜಿನ ಬಾಗಿಲು ತೆರೆದು, ತಲೆ ಒಳಗೆ ಹಾಕಿ, ನೀರಿನ ಬಾಟಲಿ ಹುಡುಕುತ್ತಿರುವವಳಂತೆ ನಿಂತಿದ್ದೆ. ಅವಸರಕ್ಕೆ ಅವರಿಗೆ ಸಿಕ್ಕಿದ್ದು ಲೇಡೀಸ್ ಶೇರಿಂಗಿನಲ್ಲಿ ಒಂದು ಬೆಡ್‌ಸ್ಪೇಸ್, ಒಂದು ಕೋಣೆಯಲ್ಲಿ ಆರು ಜನ. ಅಲ್ಲಿಗೆ ಮಗುವನ್ನು ತರುವಂತಿಲ್ಲ. ಹೋಗುವ ದಿನ ಲಾರೆನ್ಸ್ ಅಂಕಲ್ ಪೆಟ್ಟಿಗೆಗಳನ್ನು ಲಿಫ್ಟಿಗೆ ಹಾಕುತ್ತಿದ್ದಾಗ ಆಂಟಿ ಆ ಮಡಚುವ ಮಂಚವನ್ನು ನಮ್ಮ ರೂಮಿಗೆ ತಳ್ಳಿಕೊಂಡು ಬಂದರು.

“ಇದಕ್ಕೆ ಅಲ್ಲಿ ಜಾಗ ಇಲ್ಲ. ನೀನೇ ಮಲಗು ಆಯ್ತಾ? ಎಷ್ಟು ದಿನ ಅಂತ ಅಪ್ಪ ಅಮ್ಮನ ಮಧ್ಯೆ ಮಲಗ್ತಿ?”

ನಾನು ಅದರ ಮೇಲೆ ಎಂಟನೇ ಕ್ಲಾಸಿನವರೆಗೆ ಮಲಗಿದೆ. ಚೆನ್ನಾಗಿ ನಿದ್ದೆ ಬರುತ್ತಿತ್ತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ, ಆದರೆ ಬರುತ್ತಿತ್ತು.

ಆಂಟಿ ಹೋದ ಮೇಲೂ ಏಸಿ ಸರಿಯಾಗಲಿಲ್ಲ. ಮೀನು ಹುರಿಯುವವರಿಲ್ಲ, ಥರ್ಮೋಸ್ಟ್ಯಾಟಿಗೆ ಪಪ್ಪ ಟೇಪು ಸುತ್ತಿದ್ದರು, ಆದರೂ ಮಧ್ಯಾಹ್ನ ಬಿಸಿಗಾಳಿಯೇ. ಖಾಲಿಯಾದ ರೂಮಿಗೆ ಕುಂದಾಪುರದ ಗಂಡ ಹೆಂಡತಿ ಬರುವವರಿದ್ದರು. ಅಷ್ಟರೊಳಗೆ ಸರಿಮಾಡಬೇಕೆಂದು ಪಪ್ಪ ಕೊನೆಗೂ ಸೀಲಿಂಗ್ ತೆಗೆಸಿದರು. ಅಮ್ಮ ತರಕಾರಿಗೆ ಹೋಗಿದ್ದರು. ಮೆಕ್ಯಾನಿಕ್ ಟಾರ್ಚು ಹಿಡಿದು ಒಳಗೆ ನೋಡಿ, ಇಳಿದು ಪಪ್ಪನನ್ನೇ ಏಣಿ ಹತ್ತಿಸಿದರು. ಪಪ್ಪ ಕೈಹಾಕಿ ಒಂದೊಂದಾಗಿ ತೆಗೆದರು. ಒದ್ದೆಯಾಗಿ ಹಿಟ್ಟಿನಂತಾದ ಕಾಗದ, ಹರಡಿದ ನೀಲಿ ಶಾಯಿ, ಅಬ್ಲಾರ ಕೆಂಪು ಗೆರೆ. ಕೊನೆಗೆ ಪ್ರೋಗ್ರೆಸ್ ಕಾರ್ಡು. ಅದರ ಮೇಲೆ ನನ್ನ ಹೆಸರು ಚೂರೂ ಅಳಿಸಿರಲಿಲ್ಲ. ಮೆಕ್ಯಾನಿಕ್ ಹೋದ ಮೇಲೆ ಪಪ್ಪ ಸೂಟ್‌ಕೇಸಿನ ಮೇಲೆ ಕೂತರು.

“ಆಂಟಿ ಮುಟ್ಟಿದ್ದು ನೀನು ನೋಡಿದ್ದಾ?”

ಇಲ್ಲವೆಂದು ತಲೆಯಾಡಿಸಿದೆ. ಹೊಡೆಯುತ್ತಾರೆಂದು ಕಣ್ಣು ಮುಚ್ಚಿದೆ. ಹೊಡೆಯಲಿಲ್ಲ. ಕಾರ್ಡನ್ನು ಬಾಲ್ಕನಿಯಲ್ಲಿ ಬಟ್ಟೆಯ ಕ್ಲಿಪ್ಪು ಹಾಕಿ ಒಣಗಿಸಿದರು. ಅಬುಧಾಬಿಯ ಬಿಸಿಲಿಗೆ ಹತ್ತು ನಿಮಿಷ ಸಾಕಾಯಿತು. ಸಹಿ ಹಾಕಿ ಕೈಗೆ ಕೊಟ್ಟರು. ಸಂಜೆ ಅವರು ಶೂ ಹಾಕಿಕೊಂಡಾಗ, ಆಂಟಿಯಲ್ಲಿಗೆ ಹೋಗುತ್ತೇವೆ ಎಂದುಕೊಂಡು ನಾನೂ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತೆ. ಅವರು ಹೊರಟದ್ದು ಹಾಲು ತರಲಿಕ್ಕೆ.

“ಅಮ್ಮನಿಗೆ ಹೇಳ್ಬೇಡ,” ಎಂದರು. “ಹೊಸಬರಿಗೆ ಮಾತು ಕೊಟ್ಟಾಗಿದೆ. ಈಗ ಹೇಳಿದ್ರೆ ನಮ್ಮ ಮರ್ಯಾದೆ ಹೋಗುದು, ಅಷ್ಟೇ. ಖಲಾಸ್.”

ನನಗೆ ಎಂಥ ಹಗುರವಾಯಿತೆಂದರೆ, ಮೆಟ್ಟಿಲಲ್ಲಿ ಎರಡೆರಡು ಹಾರಿಕೊಂಡು ಅವರ ಜೊತೆ ಹೋದೆ. ಅಮ್ಮನಿಗೆ ಪಪ್ಪ, ಒಳಗೆ ಎಣ್ಣೆ ಮೆತ್ತಿಕೊಂಡಿತ್ತು ಎಂದು ಹೇಳಿದರು. ಅಮ್ಮ ಆ ಕಥೆಯನ್ನು ಮುಂದಿನ ಎಷ್ಟೋ ವರ್ಷ ಮದುವೆ, ಗೃಹಪ್ರವೇಶ, ಏರ್‌ಪೋರ್ಟಿನ ಕ್ಯೂ, ಎಲ್ಲ ಕಡೆ ಹೇಳಿದರು. ನಮ್ಮ ಬಳಗದಲ್ಲಿ ಅದು ‘ಹಿಲ್ಡಾ ಹಾಳು ಮಾಡಿದ ಏಸಿ’ ಎಂದೇ ಹೆಸರಾಯಿತು. ಅಮ್ಮ ಮರೆತ ಕಡೆ ನಾನು ನೆನಪಿಸುತ್ತಿದ್ದೆ, ನಕ್ಕವರ ಜೊತೆ ನಗುತ್ತಿದ್ದೆ. ಅಪ್ಪನೂ ಮಗಳೂ ಆ ಹೊತ್ತಿನಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಪಪ್ಪನನ್ನು ದೂರಿ ನಾನು ಪಾರಾಗಲಾರೆ. ಅವರು ತೀರಿಕೊಂಡು ಹನ್ನೆರಡು ವರ್ಷ ಆಯಿತು, ಹೇಳಬೇಡ ಎನ್ನುವವರು ಆಮೇಲೆ ಯಾರೂ ಇರಲಿಲ್ಲ. ಆಫೀಸಿನಲ್ಲಿ ಇಂದಿಗೂ ಏನಾದರೂ ಎಡವಟ್ಟಾದರೆ ನನ್ನ ಕಣ್ಣು ಮೊದಲು ಹುಡುಕುವುದು, ಆ ಹೊತ್ತಿನಲ್ಲಿ ಅಲ್ಲಿದ್ದ ಇನ್ನೊಬ್ಬರು ಯಾರು ಎಂದು. ಆ ಬುದ್ಧಿಯನ್ನು ನಾನು ಹಮ್ದಾನ್ ಸ್ಟ್ರೀಟಿನಲ್ಲೇ ಕಲಿತದ್ದು.

ನಾನೀಗ ದುಬೈಯ ಮಿರ್ದಿಫ್‌ನಲ್ಲಿದ್ದೇನೆ. ಹೋದ ವರ್ಷ ಸಹೋದ್ಯೋಗಿಯೊಬ್ಬರ ಮನೆಯ ಮದುವೆಯಲ್ಲಿ ಯಾರೋ ಹಿಂದಿನಿಂದ ನನ್ನ ಜಡೆ ಎಳೆದರು. ತಿರುಗಿದರೆ ಹಿಲ್ಡಾ ಆಂಟಿ, ಕೂದಲು ಪೂರ್ತಿ ಬೆಳ್ಳಗೆ. ಲಾರೆನ್ಸ್ ಅಂಕಲ್ ತೀರಿಹೋದ ಮೇಲೆ ಮಗಳ ಜೊತೆ ದುಬೈಯಲ್ಲೇ ಇದ್ದರಂತೆ. “ಶೈಲು ಅಲ್ವಾ ನೀನು?” ಎಂದು ಅಪ್ಪಿಕೊಂಡು ಅತ್ತುಬಿಟ್ಟರು. ನಾನು ಮನೆಗೆ ಕರೆದೆ. ಒಂದು ಶನಿವಾರ ಮಧ್ಯಾಹ್ನ ಜೆನಿಟಾ ಅವರನ್ನು ಗೇಟಿನಲ್ಲಿ ಇಳಿಸಿ, ಏನೋ ಕೆಲಸಕ್ಕೆಂದು ಹೋದಳು. ಆಂಟಿಯನ್ನು ಹಾಲಿನಲ್ಲಿ ಕೂರಿಸಿ ಚಾ ಮಾಡಲು ಹೋದೆ. ಬಂದು ನೋಡಿದರೆ ಪಶ್ಚಿಮದ ಬಿಸಿಲು ಅವರ ಮೇಲೇ ಬೀಳುತ್ತಿದೆ, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದಾರೆ.

“ಏಸಿ ಜಾಸ್ತಿ ಮಾಡ್ಕೊಳ್ಳುದಲ್ವಾ ಆಂಟಿ? ರಿಮೋಟ್ ಎದುರಲ್ಲೇ ಉಂಟು.”

“ಬೇಡ ಮಗಾ. ಇನ್ನೊಬ್ಬರ ಮನೆದು ನಾನು ಮುಟ್ಟುದಿಲ್ಲ,” ಎಂದು ನಕ್ಕರು. “ನಿಮ್ಮಲ್ಲಿ ಒಂದು ಸಲ ಮಾಡಿ ಇಟ್ಟಿದ್ದೇನಲ್ಲ. ಜೆನಿಟಾ ಸಿಟ್ಟು ಬಂದಾಗೆಲ್ಲ ಕೇಳ್ತಾಳೆ, ಯಾಕೆ ನನ್ನನ್ನು ಅಷ್ಟು ವರ್ಷ ಬಿಟ್ಟು ಹಾಕಿದ್ದು ಅಂತ. ನಾನು ಇದ್ದದ್ದನ್ನೇ ಹೇಳುದು. ನನ್ನ ಬೇಜವಾಬ್ದಾರಿಯಿಂದ ರೂಮ್ ಹೋಯ್ತು, ನನ್ನದೇ ತಪ್ಪು.”

ನಾನು ಹೇಳಿದೆ. ಕೂರದೆ, ಟ್ರೇ ಕೈಯಲ್ಲಿ ಹಿಡಿದುಕೊಂಡೇ ಎಲ್ಲವನ್ನೂ ಹೇಳಿದೆ. ಆರು ಮಾರ್ಕು, ಜಾಲರಿ, ಪಪ್ಪ ತೆಗೆದ ಕಾಗದ, ಹಾಲು ತರಲು ಹೋದದ್ದು.

“ನಾನು ಮುಟ್ಟಿರ್ಲಿಲ್ವಾ?”

“ಇಲ್ಲ ಆಂಟಿ.”

“ಅಣ್ಣ ಹೇಳಿದ ಮೇಲೆ ಒಂದು ಸಲವೂ?”

“ಇಲ್ಲ.”

ಅವರು ಎದ್ದು ಬಿಸಿಲು ಬೀಳದ ಕುರ್ಚಿಗೆ ಹೋಗಿ ಕೂತರು. ನನ್ನ ಕಡೆ ನೋಡದೆ ಹೇಳಿದರು:

“ಮೂರು ವರ್ಷ ಹೋದ ಮೇಲೆ ಅವಳು ಬಂದದ್ದು. ಒಬ್ಬಳೇ, ಏರ್ ಹೋಸ್ಟೆಸ್ ಜೊತೆ. ನಾನು ಏರ್‌ಪೋರ್ಟಿನಲ್ಲಿ ಕೈ ಚಾಚಿದೆ. ಅವಳು ಏರ್ ಹೋಸ್ಟೆಸ್‌ನ ಕೈ ಬಿಡ್ಲಿಲ್ಲ. ಆ ಹುಡುಗಿಯೇ ಒಂದೊಂದು ಬೆರಳು ಬಿಡಿಸಿ ನನಗೆ ಕೊಟ್ಟದ್ದು.”

ಕ್ಷಮಿಸಿ ಎಂದೆ. ಆ ಶಬ್ದ ನನಗೇ ಸಾಲಲಿಲ್ಲ.

“ನನಗೆ ಹೇಳಿ ಎಂತ ಮಾಡುದು ಶೈಲು? ನನ್ನದು ಮುಗಿಯಿತು. ಅವಳಿಗೆ ಹೇಳು. ಈಗ ಬರ್ತಾಳೆ.”

ಹಾರ್ನ್ ಕೇಳಿಸಿತು. ಆಂಟಿ ಚಾ ಮುಟ್ಟದೆ ಚಪ್ಪಲಿ ಹಾಕಿಕೊಂಡರು. ನಾನು ಅವರ ಹಿಂದೆ ಗೇಟಿನವರೆಗೆ ಹೋಗಿ, ಕಾರಿನ ಕಿಟಕಿಯ ಹತ್ತಿರ ಬಗ್ಗಿ, ಜೆನಿಟಾಳಿಗೆ ಮೊದಲಿನಿಂದ ಎಲ್ಲವನ್ನೂ ಹೇಳಿದೆ. ಅವಳು ಸ್ಟೀರಿಂಗಿನಿಂದ ಕೈ ತೆಗೆಯದೆ ಕೇಳಿಸಿಕೊಂಡಳು. ಒಂದು ಸಲ ತಾಯಿಯ ಕಡೆ ನೋಡಿದಳು. ಹೌದು ಎಂಬಂತೆ ಆಂಟಿ ತಲೆಯಾಡಿಸಿದರು.

“ಆಗ ನಿಮಗೆ ಎಷ್ಟು ವರ್ಷ?” ಎಂದು ಕೇಳಿದಳು.

“ಹತ್ತು.”

“ನನಗೆ ನಾಲ್ಕು,” ಎಂದಳು. ಆಮೇಲೆ ಆಚೆಯ ಸೀಟಿನತ್ತ ಬಾಗಿ, ತನ್ನ ಅಮ್ಮನಿಗೆ ಬಾಗಿಲು ತೆರೆದುಕೊಟ್ಟಳು.